ನಾಲ್ಕು ಬೈಟು

ಮಹೇಂದ್ರನ ನೆಟ್‌ವರ್ಕಿನ ದಾರಿಯಲ್ಲಿ ನಾಲ್ಕು ಬೈಟಿನಷ್ಟು ಜಾಗ ಇರಲಿಲ್ಲ. ಅಷ್ಟೇ, ಬೇರೇನೂ ಕೆಟ್ಟಿಲ್ಲ, ಪರದೆಯ ಮೇಲೆ ಐದು ಚುಕ್ಕಿ ಸಾಲಾಗಿ ಬಿದ್ದ ಕೂಡಲೇ ತೇಜಸ್ವಿನಿಗೆ ತಿಳಿದುಹೋಯಿತು, ದಾರಿ ಪರೀಕ್ಷಿಸುವ ಐದು ಚಿಕ್ಕ ಪಿಂಗ್ ಕಳಿಸಿದರೆ ಐದೂ ದಾಟುತ್ತವೆ, ದೊಡ್ಡದು ಕಳಿಸಿದರೆ ಸತ್ತ ಒಂದೊಂದಕ್ಕೂ ಒಂದು ಚುಕ್ಕಿ — ಯಶವಂತಪುರದ ಆಫೀಸಿನ ಎ.ಸಿ. ಕೀಬೋರ್ಡಿನ ಪಕ್ಕ ತೊಟ್ಟಿಕ್ಕುತ್ತಿದೆ, ಡಬ್ಬಿಯಲ್ಲಿ ಚಿತ್ರಾನ್ನ ಆರಿದೆ, ಕಿವಿಯೊಳಗೆ ಕಾನ್ಫರೆನ್ಸ್ ಕಾಲ್, ಅವಳ ಮೈಕು ಮಾತ್ರ ಮ್ಯೂಟ್, ಯಲಹಂಕದಲ್ಲಿ ಗಿರಾಕಿಯ ನಕ್ಷೆ ಬರೆಯುವವರು, ದಾಸರಹಳ್ಳಿಯಲ್ಲಿ ಅವರದೇ ಲೇಥುಗಳು, ನಡುವೆ ತಮ್ಮ ಕಂಪನಿಯ ನೆಟ್‌ವರ್ಕು, ಬೆಳಿಗ್ಗೆಯಿಂದ ಎರಡು ಸಾಲಿನ ಮೇಲ್ ಹೋಗುತ್ತಿದೆ, ನಕ್ಷೆ ಹೋಗುತ್ತಿಲ್ಲ, ಹೋಗುವುದಾದರೂ ಹೇಗೆ, ಪ್ರತಿ ಪ್ಯಾಕೆಟ್ಟಿಗೂ ಅಂಟಿಸಿದ ಗಿರಾಕಿಯ ವಿಲ್ಯಾನ್ ಟ್ಯಾಗಿನ ಮೇಲೆ ತಮ್ಮದೊಂದು ಟ್ಯಾಗು, ಅದರ ಮೇಲೆ ದಾರಿ ತೋರಿಸುವ ಎಂಪಿಎಲ್‌ಎಸ್ ಲೇಬಲ್ಲು, ಮೂಟೆಯ ಮೇಲೆ ಮೂಟೆ, ಕೊನೆಯದರ ನಾಲ್ಕು ಬೈಟಿಗೆ ಜಾಗವಿಲ್ಲ, ರೈಲ್ವೆ ಸೇತುವೆಯ ಕೆಳಗೆ ಸ್ಕೂಟರ್ ನುಗ್ಗುತ್ತದೆ, ಹೇರಿದ ಲಾರಿ ಸಿಕ್ಕಿಬೀಳುತ್ತದೆ, ಸೇತುವೆ ಎತ್ತರಿಸಿ ಎಂದು ಅವಳು ಬರೆದಿದ್ದಳಲ್ಲ, ಡಿಸೈನಿನ ಕೊನೆಯಲ್ಲಿ, ದಾರಿಯ ಪ್ರತಿ ಪೋರ್ಟಿನಲ್ಲೂ ಪ್ಯಾಕೆಟ್ಟಿನ ಮಿತಿ ಹೆಚ್ಚಿಸಬೇಕು ಎಂದು, ತನಗೆ ಅರ್ಥವಾಗದ ಆ ಸಾಲನ್ನು ಅವಳ ಮೇಲಧಿಕಾರಿ ಮಹೇಂದ್ರ ಹೊಡೆದುಹಾಕಿದ, ಮೊದಲ ಪುಟದಲ್ಲಿ ಅವಳ ಹೆಸರನ್ನೂ ಹೊಡೆದುಹಾಕಿ ತನ್ನದನ್ನು ಇಟ್ಟ, ತನ್ನ ಪ್ರಮೋಷನ್ನಿನ ಪಾರ್ಟಿಯಲ್ಲಿ ಕಬಾಬಿನ ಕಡ್ಡಿ ಆಡಿಸುತ್ತ ಅಂದ, ಹೊರಗಿನ ಟ್ಯಾಗ್ ಒಂದನ್ನೇ ಎಲ್ರೂ ಓದೋದು ಕಣಮ್ಮಾ, ಒಳಗಿಂದನ್ನ ದಾರೀಲಿ ಯಾರ್ ನೋಡ್ತಾರೆ, ಎಲ್ಲರೂ ನಕ್ಕರು, ಅವಳೂ ನಕ್ಕಳು — ಹೆಸರು ಹೋದದ್ದನ್ನು ಮರೆತಾಳು, ಆ ನಗುವನ್ನು ಮರೆಯಲಾರಳು, ಬೇಯಲಿ ಈಗ.

ಬೇಯುತ್ತಿದ್ದಾನೆ, ದಾಸರಹಳ್ಳಿಯಲ್ಲಿ ರ‍್ಯಾಕಿನ ಮುಂದೆ ನಿಂತ ಫೀಲ್ಡ್ ಎಂಜಿನಿಯರ್‌ನ ಮೇಲೆ ಹಾಯುತ್ತಿದ್ದಾನೆ, ಸುಫಿಯಾನ್, ಕೇಬಲ್ ಬದಲಾಯ್ಸು, ಬದಲಾಯ್ಸಿದೆ ಸರ್, ಇನ್ನೊಂದ್ಸಲ ಬದಲಾಯ್ಸು ಗುರು, ಕೈ ಏನ್ ಸವೆಯುತ್ತಾ, ನಡುವೆ ಗಿರಾಕಿಯ ಮ್ಯಾನೇಜರ್ ಸಿದ್ರಾಮಪ್ಪನ ತಣ್ಣನೆಯ ದನಿ, ಮಹೇಂದ್ರ ಅವ್ರೇ, ನಿಮ್ದೇ ಡಿಸೈನು, ನಿಮ್ಗೇ ತಿಳೀತಿಲ್ವಲ್ರೀ, ಆಹಾ, ಇನ್ನೊಮ್ಮೆ ಹೇಳಿ ಸಿದ್ರಾಮಪ್ಪನವರೇ, ಸ್ವಲ್ಪ ಜೋರಾಗಿ, ಅವಳು ದೊಡ್ಡ ಪಿಂಗ್ ಕಳಿಸುತ್ತಾಳೆ, ಐದು ಚುಕ್ಕಿ, ಒಂದೊಂದೂ ಅವನ ಹಣೆಗೆ ಇಟ್ಟ ಬರೆ — ಡಿಸೈನ್ ಸರಿಯಾಗೇ ಇದೆ ಸರ್, ಮಹೇಂದ್ರನ ದನಿಗೆ ಬೆಣ್ಣೆ ಹತ್ತಿದೆ, ನಮ್ ಫೀಲ್ಡ್‌ನವನೇ ಎಡವಟ್ಟು ಮಾಡಿದಾನೆ, ಇವತ್ತೇ ತೆಗೆದುಹಾಕ್ತೀನಿ, ಬೇರೆಯವರನ್ನ ಕಳಿಸ್ತೀನಿ, ಸರ್ ನಾನೇನ್ ಮಾಡ್ದೆ, ಸುಫಿಯಾನ್ ಕೇಳುತ್ತಾನೆ, ತೇಜಸ್ವಿನಿ ಮೇಡಂ ಇದಾರಾ ಲೈನಲ್ಲಿ, ಮೇಡಂ, ಆವತ್ತು ನೀವೇನೋ ಪ್ಯಾಕೆಟ್ ಸೈಜ್ ಹೆಚ್ಚಿಸ್ಬೇಕು ಅಂತ ಬರ್ದಿದ್ರಲ್ಲಾ — ಅವನೊಬ್ಬನೇ ಓದಿದ್ದ ಆ ಸಾಲನ್ನು, ಓದಿ ಚೆನ್ನಾಗ್ ಬರ್ದಿದೀರಾ ಅಂದವನು, ಬೆರಳು ಮ್ಯೂಟಿನ ಗುಂಡಿಯ ಮೇಲಿದೆ, ಒತ್ತಿದರೆ ಒಂದೇ ವಾಕ್ಯ, ಆಮೇಲೆ ಮಹೇಂದ್ರ ಅನ್ನುತ್ತಾನೆ, ನೋಡಿ ಸರ್ ನಮ್ ಟೀಮೇ ಹಿಡೀತು, ಮತ್ತೆ ಅವನ ಟ್ಯಾಗು ಅವಳ ಮೇಲೆ, ಬೇಡ, ಇನ್ನೊಂದು ಸ್ವಲ್ಪ, ಸಿದ್ರಾಮಪ್ಪ ಅವನ ಜುಟ್ಟು ಹಿಡಿಯುವ ತನಕ, ಮೇಡಂ, ಇದೀರಾ, ಟಕ್, ಮಹೇಂದ್ರ ಸುಫಿಯಾನ್‌ನನ್ನು ಕಾಲ್‌ನಿಂದ ತೆಗೆದಾಯಿತು, ಸರಿ ಮಹೇಂದ್ರ ಅವ್ರೇ, ಬೇರೆಯವರನ್ನೇ ಕಳಿಸಿ, ಸಿದ್ರಾಮಪ್ಪನ ದನಿ ಮೆತ್ತಗಾಗಿದೆ, ಥ್ಯಾಂಕ್ಯೂ ಸರ್, ಇಬ್ಬರೂ ಏನಕ್ಕೋ ನಗುತ್ತಿದ್ದಾರೆ, ಬೆರಳು ಗುಂಡಿಯ ಮೇಲೇ ಇದೆ, ಇನ್ನೊಂದು ಕೈ ಮತ್ತೆ ದೊಡ್ಡ ಪಿಂಗ್ ಕಳಿಸುತ್ತದೆ, ಚುಕ್ಕಿ, ಚುಕ್ಕಿ, ಚುಕ್ಕಿ, ಚುಕ್ಕಿ, ಚುಕ್ಕಿ. ಕಳಿಸಿದ್ದು ಐದು. ತಲುಪಿದ್ದು ಸೊನ್ನೆ. ಕಳೆದದ್ದು ಐದು.