ಕಾಫಿ ಹೋಟೆಲಿನ ಯಂಕಪ್ಪ

"ಇಲ್ಲೇ ಒಂಚೂರು ಕುಂಡ್ರೂಣ್ರಿ. ಕಾಲು ನಡಗಾಕ ಹತ್ಯಾವು," ಎಂದು ಮಂಜವ್ವ ಮರ್ದಾನಸಾಬನ ಹೋಟೆಲಿನ ಮುಂದೆ ನಿಂತುಬಿಟ್ಟಳು.

ತಿರಕಪ್ಪ ಗಲಿಬಿಲಿಗೊಂಡ. ಆಗಿನ ಬೆಟಗೇರಿಯಲ್ಲಿ ಹೆಂಗಸರು ಹೋಟೆಲಿನೊಳಗೆ ಕೂರುವ ರೂಢಿ ಇರಲಿಲ್ಲ. ಆದರೆ ಅಂದು ಹೆಂಡತಿಗೆ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ. ಗದಗಿನ ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದು, ಹೆಚ್ಚೆಂದರೆ ಎರಡು ತಿಂಗಳು ಎಂದು ಹೇಳಿ ಇನ್ನೂ ಎರಡು ತಾಸಾಗಿರಲಿಲ್ಲ. ಅವಳಿಗೆ ಅವನು ಹೇಳಿದ್ದು ಬೇರೆ: ದೀಪಾವಳಿ ಹೊತ್ತಿಗೆ ಮೊದಲಿನ ಹಾಗೆ ಆಗುತ್ತೀಯಂತೆ.

ಚಹಾ ಕುಡಿಯುವವರ ಊರಿನಲ್ಲಿ ಮರ್ದಾನಸಾಬ ಹಟ ಹಿಡಿದು ಕಾಫಿಯೊಂದನ್ನೇ ಮಾರುತ್ತಿದ್ದ. ಮುಚ್ಚಿಹೋದ ಟಾಕೀಸಿನ ಕುರ್ಚಿಗಳನ್ನು ಹರಾಜಿನಲ್ಲಿ ಹಿಡಿದು, ರಸ್ತೆಗೆ ಮುಖ ಮಾಡಿ ಎರಡು ಸಾಲು ಹಾಕಿದ್ದ. ಗಿರಾಕಿಗಳು ಸಿನೆಮಾ ನೋಡುವವರ ಹಾಗೆ ಕೂತು, ಹಾದುಹೋಗುವ ಎಮ್ಮೆ, ಸೈಕಲ್ಲು, ಯಾರದೋ ಜಗಳ ಎಲ್ಲ ನೋಡುತ್ತಿದ್ದರು. ನೇಕಾರ ತಿರಕಪ್ಪ ಹದಿನೆಂಟು ವರ್ಷ ದಿನಾ ಸಂಜೆ ಮಗ್ಗ ಬಿಟ್ಟು ಅಲ್ಲಿಗೆ ಬಂದಿದ್ದ. ಮನೆಗೆ ಹೋದ ಮೇಲೆ, ನೂಲು ಸುತ್ತುತ್ತ ಕೂತ ಮಂಜವ್ವನಿಗೆ ಅಲ್ಲಿಯದನ್ನೆಲ್ಲ ಹೇಳುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ಅದೇ ಅವರ ಮಾತು.

ಮರ್ದಾನಸಾಬ ಹೆಗಲ ಮೇಲಿನ ವಸ್ತ್ರದಿಂದಲೇ ಕುರ್ಚಿ ಒರೆಸಿದ. "ಮುಂದಿನ ಸಾಲಿನ್ಯಾಗ ಕುಂಡ್ರು ತಂಗಿ. ಛಲೋ ಕಾಣತೈತಿ."

ಎರಡು ಗುಟುಕು ಇಳಿದ ಮೇಲೆ ಮಂಜವ್ವನ ಮುಖಕ್ಕೆ ಸ್ವಲ್ಪ ಕಳೆ ಬಂತು. ಪಕ್ಕದವನನ್ನು ನೋಡಿ, "ನೀವು ಸಕ್ರಪ್ಪಣ್ಣ ಅಲ್ರಿ? ಬಶಿಗೆ ಉಫ್ ಉಫ್ ಅಂತ ಊದೋರು," ಎಂದಳು. ಸಕ್ರಪ್ಪ ನಾಚಿ, ಕಾಫಿ ಸುರುವಿಕೊಂಡಿದ್ದ ಬಶಿ ಕೆಳಗಿಟ್ಟ. ಎಲ್ಲರೂ ನಕ್ಕರು.

"ಮತ್ತ ಯಂಕಪ್ಪಣ್ಣ ಯಾರ್ರಿ, ರೇಡಿಯೋದಾಗ ವಾರ್ತಿ ಓದಾಂವನ ಸಂಗಾಟ ಜಗಳಾಡೋರು? ಮೊನ್ನಿನೂ ಬೈದರಂತಲ್ಲ. ಕೇಳಿ ಕಣ್ಣಾಗ ನೀರು ಬರೂವಂಗ ನಕ್ಕೀನಿ."

ನಗುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಯಂಕಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ತಿರಕಪ್ಪ ತನ್ನ ಚಪ್ಪಲಿ ನೋಡುತ್ತ ಕೂತ. ಮರ್ದಾನಸಾಬ ಒಮ್ಮೆ ಅವನ ಮುಖ ನೋಡಿ ಒಲೆಯ ಕಡೆ ತಿರುಗಿದ.

"ಈಗರ ಎದ್ದು ಹ್ವಾದ ನೋಡವ್ವ. ಇನ್ನೊಂದೀಟು ಮೊದಲ ಬಂದಿದ್ರ ಸಿಗತಿದ್ದ," ಎಂದ ಅಲ್ಲಿಂದಲೇ.

ಅಷ್ಟರಲ್ಲಿ ರೇಡಿಯೋದಲ್ಲಿ ವಾರ್ತೆ ಶುರುವಾಯಿತು. ಜಿಲ್ಲೆಯಲ್ಲಿ ಅಲ್ಲಲ್ಲಿ ಒಳ್ಳೆಯ ಮಳೆಯಾಗಿದೆ ಎಂದಿತು. ಎಂದೂ ಮಾತಾಡದ ಸಕ್ರಪ್ಪ ರೇಡಿಯೋದ ಕಡೆ ಹೊರಳಿ ಗಂಟಲು ಸರಿಮಾಡಿಕೊಂಡ.

"ಯಾವ ಊರಾಗ ಬಿದ್ದೈತೋ ತಮ್ಮಾ? ನನ್ನ ಟೊಪ್ಪಿಗಿ ಮುಟ್ಟಿ ನೋಡು ಬಾ, ಒಣಗೇ ಐತಿ."

ಹಿಂದಿನ ಸಾಲಿನಿಂದ ಇನ್ನೊಬ್ಬ ದನಿಗೂಡಿಸಿದ. ಮಂಜವ್ವ ಸೆರಗು ಬಾಯಿಗೆ ಒತ್ತಿಕೊಂಡು, ಕೆಮ್ಮು ಬರುವ ತನಕ ನಕ್ಕಳು.

ಮನೆಯ ಓಣಿಗೆ ಹೊರಳಿದ ಮೇಲೆ ಕೇಳಿದಳು, "ಎಷ್ಟು ದಿನ ಆತ್ರಿ?"

"ಏನು?"

"ಯಂಕಪ್ಪಣ್ಣ ಹೋಗಿ."

"ಮೂರು ವರ್ಷ," ಎಂದ ತಿರಕಪ್ಪ. "ಅವನ ಮಾತು ಬಂದ್ರ ನೀ ನಗತಿದ್ದಿ. ಬಿಡಾಕ ಮನಸಾಗಲಿಲ್ಲ."

ಅವಳು ತಲೆಯಾಡಿಸಿದಳು. ಸ್ವಲ್ಪ ಮುಂದೆ ಹೋಗಿ, ಅವನ ಕಡೆ ನೋಡದೆ, "ದೀಪಾವಳಿ ಮಾತೂ ಹಂಗನ?" ಎಂದಳು.

ಉತ್ತರಕ್ಕೆ ಅವಳು ಕಾಯಲಿಲ್ಲ. ಓಣಿಯಲ್ಲಿ ಯಾರೋ ಕೆಂಪು ಬಣ್ಣದಲ್ಲಿ ಅದ್ದಿ ಎತ್ತಿದ ನೂಲಿನ ಲಡಿಗಳನ್ನು ಗಳಕ್ಕೆ ಒಣಹಾಕಿದ್ದರು. ಒಂದು ಲಡಿ ಗಾಳಿಗೆ ಸಿಕ್ಕುಗಟ್ಟಿತ್ತು. ಮಂಜವ್ವ ನಿಂತು ಅದರ ಎಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ತಿರಕಪ್ಪ ಲಡಿಯ ಇನ್ನೊಂದು ತುದಿ ಹಿಡಿದ. ಇಬ್ಬರ ಬೆರಳಿಗೂ ಹಸಿ ಕೆಂಪು ಹತ್ತುತ್ತಿತ್ತು.