ಅವ್ವನ ಪಾದೇಕ್ ಜಾಡಿ

ಊರಿನ ದಾರಿಯಲ್ಲಿ ಬಸ್ಸು ಇಳಿದಾಗ ನನ್ನ ಚೀಲದಲ್ಲಿ ಒಂದು ಖಾಲಿ ಗಾಜಿನ ಸೀಸೆಯಿತ್ತು. ಬಿಗಿ ಮುಚ್ಚಳದ್ದು. ರಾಜಧಾನಿ ವಿಯೆಂಟಿಯಾನಿನ ನನ್ನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕಿಡುತ್ತಿದ್ದ ಸೀಸೆ. ಗುಂಡಿಗಳನ್ನು ಬೇರೆ ಡಬ್ಬಿಗೆ ಸುರಿದು, ಮೂರು ಸಲ ತೊಳೆದು, ಬಿಸಿಲಿಗೆ ಒಣಗಿಸಿ ತಂದಿದ್ದೆ.

ಅವ್ವ ತೀರಿಕೊಂಡು ಎಂಟು ತಿಂಗಳಾಗಿತ್ತು. ಅದಕ್ಕೆ ಹಿಂದಿನ ವರ್ಷ ಅವಳು ಹಾಕಿಟ್ಟ ಪಾದೇಕ್ ಜಾಡಿ ಚಿಕ್ಕಮ್ಮನ ಅಡುಗೆಮನೆಯ ಹಿಂದೆ ಇತ್ತು. ಮೀನು, ಉಪ್ಪು, ತೌಡು. ಜಾಡಿಯಲ್ಲಿ ಒಂದು ವರ್ಷ ಕಳಿಯಲು ಬಿಡುವುದು. ಪಾದೇಕ್ ಎಂದರೆ ಇಷ್ಟೇ. ಆದರೆ ಪೇಟೆಯಲ್ಲಿ ಎಷ್ಟು ಅಂಗಡಿಯದು ತಂದು ಹಾಕಿದರೂ ನನ್ನ ಕಳಲೆ ಸಾರಿಗೆ ಅವ್ವನ ಸಾರಿನ ರುಚಿ ಬರಲಿಲ್ಲ. ಅವಳ ಕಾರ್ಯಕ್ಕೆ ಬಂದಾಗ ಜಾಡಿಯ ನೆನಪಾಗಿರಲಿಲ್ಲ. ಈಗ ಒಂದು ಸೀಸೆ ಸಿಕ್ಕರೆ ಸಾಕಿತ್ತು. ಹಬ್ಬಕ್ಕೊಂದು ಚಮಚದಂತೆ ಬಳಸಿದರೆ ನಾಲ್ಕಾರು ವರ್ಷ ಅವ್ವ ನನ್ನ ಅಡುಗೆಮನೆಯಲ್ಲಿರುತ್ತಾಳೆ ಎಂದುಕೊಂಡಿದ್ದೆ.

ಚಿಕ್ಕಮ್ಮ ಕಂಬಗಳ ಮೇಲೆ ನಿಂತ ಮನೆಯ ಏಣಿಯ ಕೆಳಗೆ ಬಿದಿರು ಸೀಳುತ್ತ ಕೂತಿದ್ದಳು. ಕತ್ತಿ ಕೆಳಗಿಟ್ಟು ನನ್ನ ತೋಳು ಹಿಡಿದು ನೋಡಿದಳು.

"ಊಟ ಆಯ್ತೇನೇ ಕೇಸೊನೆ? ಇದೇನೇ ಹೀಗೆ ಸೊರಗಿದ್ದೀಯ? ಆ ಪೇಟೇಲಿ ಅನ್ನ ಬೇಯಿಸೋರೇ ಇಲ್ವಾ?"

"ಬೇಯಿಸ್ಕೋತೀನಿ ಚಿಕ್ಕಮ್ಮ. ಒಬ್ಬಳೇ ತಿನ್ನೋಕೆ ಬೇಜಾರು."

"ಅದಕ್ಕೇ ಸೂಜಿ ಥರ ಆಗಿದ್ದೀಯ. ನಡಿ ಮೇಲೆ."

ಸಂಜೆ ಚಾಪೆಯ ಮೇಲೆ ಬಿದಿರಿನಲ್ಲಿ ಹೆಣೆದ ಊಟದ ತಟ್ಟೆ ಬಂತು. ಚಿಕ್ಕಮ್ಮನ ಸೊಸೆ ಮನಿಚನ್ ಹಬೆಯಾಡುವ ಅಂಟಕ್ಕಿ ಅನ್ನವನ್ನು ಹಲಗೆಯ ಮೇಲೆ ಕೊಡವಿ, ಆರಿಸಿ, ಬಿದಿರ ಬುಟ್ಟಿಗೆ ತುಂಬಿದಳು. ಸುಟ್ಟ ಬದನೆಕಾಯಿ ಚಟ್ನಿ, ಮಜ್ಜಿಗೆಹುಲ್ಲು ತುರುಕಿ ಕೆಂಡದಲ್ಲಿ ಸುಟ್ಟ ಮೀನು, ಕಹಿ ಸೊಪ್ಪಿನ ರಾಶಿ, ಮಧ್ಯದಲ್ಲಿ ಕಡುಹಸಿರು ಕಳಲೆ ಸಾರು. ಅನ್ನವನ್ನು ಬೆರಳಲ್ಲಿ ಉಂಡೆ ಮಾಡಿ ಸಾರಿಗೆ ಅದ್ದಿ ಬಾಯಿಗಿಟ್ಟೆ. ಚೆನ್ನಾಗಿತ್ತು. ಆದರೆ ಅವ್ವನದಲ್ಲ. ಜಾಡಿ ಮುಗಿದೇಹೋಯಿತೇ ಎಂದು ಕೈ ಅಲ್ಲೇ ನಿಂತಿತು.

ಮನಿಚನ್ ನನ್ನ ಮುಖ ನೋಡಿ ನಕ್ಕಳು. "ಏನ್ ಮಾಡೋದು ಅಕ್ಕ, ಎಂಟು ತಿಂಗಳಿಂದ ಈ ಮನೇಲಿ ಸಂತೆ ಪಾದೇಕೇ. ದೊಡ್ಡತ್ತೆ ಜಾಡಿ ಹತ್ರ ನಾನು ಹೋದ್ರೆ ಇವರು ಬೆಕ್ಕು ಓಡಿಸ್ದಂಗೆ ಓಡಿಸ್ತಾರೆ."

"ಓಡಿಸ್ದೆ ಇನ್ನೇನು? ನಿನ್ನ ಕೈಗೆ ಬಿಟ್ರೆ ಒದ್ದೆ ಸೌಟು ಅದ್ದಿ ಹುಳ ಬರಿಸ್ತೀಯ," ಎಂದಳು ಚಿಕ್ಕಮ್ಮ.

ಹಾಗಾದರೆ ಜಾಡಿ ಇದೆ. ಊಟ ಮುಗಿಸಿ ಕೈ ತೊಳೆಯಲು ಎದ್ದೆ.

"ಅನ್ನದ ಬುಟ್ಟಿ ಮುಚ್ಚಳ ಮುಚ್ಚೇ," ಚಿಕ್ಕಮ್ಮ ಗದರಿದಳು. "ತೆರೆದಿಟ್ಟು ಎದ್ರೆ ಗಂಡ ಬಿಟ್ಟು ಹೋಗ್ತಾನೆ."

"ಅವನು ಹೋಗಿ ಆರು ವರ್ಷ ಆಯ್ತಲ್ಲ ಚಿಕ್ಕಮ್ಮ."

"ಹಂಗಾದ್ರೆ ಬೇಗ ಮುಚ್ಚು, ವಾಪಸ್ ಬಂದ್‌ಬಿಟ್ಟಾನು!"

ಮೂವರೂ ನಕ್ಕೆವು. ಆ ನಗುವಿನಲ್ಲೇ ಕೇಳಿಬಿಡೋಣವೆಂದು ಸೀಸೆಯನ್ನು ಚೀಲದಿಂದ ತೆಗೆದು ಕಂಬದ ಪಕ್ಕ ಇಟ್ಟೆ. ಚಿಕ್ಕಮ್ಮ ಅದನ್ನು ನೋಡಿದಳು. "ಬೆಳಗ್ಗೆ ಸಂತೆಗೆ ಹೋಗೋಣ," ಎಂದಷ್ಟೇ ಹೇಳಿ ನಾಳೆಯ ಅಕ್ಕಿ ನೆನೆಹಾಕಲು ಹೋದಳು.

ಸಂತೆ ನದಿದಂಡೆಯಲ್ಲಿ. ಮಳೆಗಾಲ ಮುಗಿದು ಮೆಕಾಂಗ್ ಇಳಿಯುವ ಕಾಲ. ಬುಟ್ಟಿ ಬುಟ್ಟಿ ಸಣ್ಣ ಮೀನು ಬರುತ್ತಿತ್ತು. ಬಾಗಿಲಲ್ಲೇ ಮೊಟ್ಟೆ ಹಚ್ಚಿ ಕೆಂಡದಲ್ಲಿ ಸುಟ್ಟ ಅನ್ನದುಂಡೆ ಕೊಂಡು ತಿಂದೆವು. ಒಬ್ಬಳು ಒರಳಲ್ಲಿ ಪರಂಗಿಕಾಯಿ ಕುಟ್ಟುತ್ತಿದ್ದಳು. ಪಕ್ಕದಲ್ಲಿ ಪಾದೇಕಿನ ಬಟ್ಟಲು. ಅವ್ವ ಇದ್ದಿದ್ದರೆ ಅಲ್ಲಿ ನಿಲ್ಲದೆ ಬಿಡುತ್ತಿರಲಿಲ್ಲ. ಯಾರ ಬಟ್ಟಲು, ಯಾರ ಜಾಡಿ ಕಂಡರೂ ಬೆರಳು ಅದ್ದಿ ನೆಕ್ಕುವುದು, ಹುಬ್ಬು ಗಂಟಿಕ್ಕುವುದು, ಕೊಳ್ಳದೆ ಮುಂದೆ ಹೋಗುವುದು. ಹಿಂದಿನಿಂದ ಬೈಗುಳ. ಚಿಕ್ಕವಳಿದ್ದಾಗ ನಾನು ನಾಚಿಕೆಯಿಂದ ಅವಳ ಲಂಗದ ಹಿಂದೆ ಅಡಗುತ್ತಿದ್ದೆ.

ಮೀನು ಮಾರುವ ಸೀಫನ್ ಮುದುಕಿ ನನ್ನನ್ನು ಗುರುತು ಹಿಡಿದಳು. "ಬೆರಳು ಅದ್ದೋ ಬುವಾಲೈ ಮಗಳಲ್ವಾ ನೀನು? ನಿಮ್ಮವ್ವ ಇಡೀ ಸಂತೆ ನೆಕ್ಕಿ ಮುಗಿಸಿದ್ಲು ಕಣೇ. ಈಗ ಅವಳಿಲ್ದೆ ಬೈಯೋಕೆ ಯಾರೂ ಇಲ್ಲ."

"ಬೈಯೋಕೆ ನಾನಿದ್ದೀನಲ್ಲ," ಎಂದಳು ಚಿಕ್ಕಮ್ಮ. "ಈ ಮೀನಿನ ಕಣ್ಣು ನೋಡು, ನಿನ್ನೇನೇ ಸತ್ತಿದೆ."

"ನಿನ್ನ ಕಣ್ಣು ನೋಡ್ಕೊಳೇ ಮೊದ್ಲು. ಮೀನಿಂದೇ ವಾಸಿ."

ಬೈದಾಡುತ್ತಲೇ ಚಿಕ್ಕಮ್ಮ ಎರಡು ಬುಟ್ಟಿ ಮೀನು ಕೊಂಡಳು. ಮೂರು ಬಾಯಿಗೆ ಇಷ್ಟೇಕೆ ಎಂದರೆ, "ಹೊರು," ಎಂದಳು.

ಮನೆಗೆ ಬಂದು ಬಿಸಿಲೇರುವವರೆಗೂ ಮೀನು ಹಸನು ಮಾಡಿದೆವು. ಮನಿಚನ್ ಉಪ್ಪು, ತೌಡು ತಂದಿಟ್ಟಳು. ಬಿಸಿಲಲ್ಲಿ ಬೋರಲು ಹಾಕಿದ್ದ ಹೊಸ ಜಾಡಿಯನ್ನು ಚಿಕ್ಕಮ್ಮ ಎತ್ತಿ ನಿಲ್ಲಿಸಿದಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ಅವ್ವನ ಜಾಡಿಯ ಬಟ್ಟೆ ಬಿಚ್ಚಿದಳು.

ಘಾಟು ಮೂಗಿಗೆ ಬಡಿಯಿತು. ನಾನು ಒಮ್ಮೆಗೇ ಏಳು ವರ್ಷದವಳಾದೆ. ಹೊಗೆ ಹಿಡಿದ ಗೋಡೆ, ಒರಳಿನ ಸದ್ದು, ಅವ್ವನ ಒದ್ದೆ ಮೊಣಕೈ. ಬಗ್ಗಿ ನೋಡಿದೆ. ತಳದಲ್ಲಿ ನಾಲ್ಕು ಬೆರಳಿನಷ್ಟು ಇತ್ತು, ಕಂದು ಬಣ್ಣದ್ದು.

"ಕಾರ್ಯದ ದಿನ ಬಂದೋರಿಗೆಲ್ಲ ಇದರಲ್ಲೇ ಅಡುಗೆ ಆಯ್ತು. ಉಳಿದಿದ್ದು ಇಷ್ಟು," ಎಂದಳು ಚಿಕ್ಕಮ್ಮ. "ಕೇಸೊನೆಗೆ ಇಡು ಅಂದಿದ್ಲು ನಿಮ್ಮವ್ವ. ಇಟ್ಟೆ. ನಿನ್ನ ಸೀಸೆ ತುಂಬುತ್ತೆ, ಅಳತೆ ನೋಡ್ದೆ."

ಅವಳು ಜಾಡಿಯ ಪಕ್ಕ ತಂದಿಟ್ಟಿದ್ದ ಸೀಸೆಗೆ ನಾನು ಕೈಚಾಚಿದೆ.

"ತುಂಬ್ಕೋ. ತಿಂತೀಯ, ಮುಗಿಯುತ್ತೆ. ಇಲ್ಲಾ ಈ ಹೊಸ ಜಾಡಿ ತಳಕ್ಕೆ ಸುರಿ. ನಿಮ್ಮವ್ವ ನಿಮ್ಮಜ್ಜಿದನ್ನ ಹಂಗೇ ಸುರಿದಿದ್ಲು. ಆದ್ರೆ ಈ ವರ್ಷ ನಿಂಗೊಂದು ತೊಟ್ಟೂ ಇಲ್ಲ. ನಿನ್ನಿಷ್ಟ."

"ಸುರಿದ್ರೆ ಇದೇ ರುಚಿ ಬರುತ್ತಾ?"

"ನನಗೇನ್ ಗೊತ್ತು? ನಿಮ್ಮವ್ವಂದು ಮೊದಲ್ನೇ ಸಲ ಬರೀ ಉಪ್ಪು. ಬೈಕೊಂಡೇ ತಿಂದ್ವಿ."

"ನೀನೇ ಹಾಕು ಚಿಕ್ಕಮ್ಮ, ನಿನ್ನ ಕೈಗುಣ ಚೆನ್ನಾಗಿದೆ."

ಅವಳು ಎರಡೂ ಕೈ ಮುಂದೆ ಚಾಚಿದಳು. ಬೆರಳುಗಳು ಶುಂಠಿಯ ಹಾಗೆ ಗಂಟುಕಟ್ಟಿ ಸೊಟ್ಟಗಾಗಿದ್ದವು. "ಇದು ಮೀನು ಒತ್ತೋ ಕೈಯಾ?"

ಸೀಸೆ ಸಣ್ಣದಾಗಿ ಕಂಡಿತು. ಕೈಯನ್ನು ಬಟ್ಟೆಗೆ ಚೆನ್ನಾಗಿ ಒರೆಸಿ, ಒಣ ಬೆರಳನ್ನು ಜಾಡಿಯೊಳಗೆ ಅದ್ದಿ ನೆಕ್ಕಿದೆ. ಒಂದೇ ಸಲ. ಆಮೇಲೆ ಜಾಡಿಯನ್ನೆತ್ತಿ ಉಳಿದದ್ದನ್ನೆಲ್ಲ ಹೊಸದರ ತಳಕ್ಕೆ ಬಗ್ಗಿಸಿದೆ. ಅದರ ಮೇಲೆ ಉಪ್ಪು, ತೌಡು ಕಲೆಸಿದ ಮೀನು ಹಾಕಿ, ಮೊಣಕೈವರೆಗೆ ಕೈಯಿಳಿಸಿ ಒತ್ತುತ್ತ ಹೋದೆ.

"ಒತ್ತೇ! ಜೋರಾಗಿ! ರವಿಕೆಗೆ ಹೊಲಿಗೆ ಹಾಕ್ತಿದ್ದೀಯಾ?"

ಮೇಲೆ ಬಿದಿರ ಸೀಳು ಅಡ್ಡವಿಟ್ಟು, ಕಲ್ಲು ಹೇರಿದೆವು. ಹಿಂದಿನ ದಿನ ಚಿಕ್ಕಮ್ಮ ಸೀಳುತ್ತ ಕೂತಿದ್ದ ಬಿದಿರು. ಖಾಲಿ ಸೀಸೆಯನ್ನು ಅವಳು ಅಡುಗೆಮನೆಯ ಹಲಗೆಯ ಮೇಲಿಟ್ಟಳು. "ಇಲ್ಲೇ ಇರ್ಲಿ. ಮುಂದಿನ ವರ್ಷ ಬಂದು ತುಂಬ್ಕೊಂಡು ಹೋಗು."

ಮರುದಿನ ಬಸ್ಸಿನಲ್ಲಿ ಪಕ್ಕದ ಹೆಂಗಸು ಮೂಗು ಮುರಿದಳು.

"ಪಾದೇಕ್ ಎಲ್ಲಮ್ಮ ಇಟ್ಟಿದ್ದೀಯ? ಸೀಟಿನ ಕೆಳಗಾ? ಕಂಡಕ್ಟರ್ ಇಳಿಸಿಬಿಡ್ತಾನೆ ನೋಡು."

"ನನ್ನ ಹತ್ರ ಏನೂ ಇಲ್ಲಕ್ಕ," ಎಂದು ಎರಡೂ ಕೈ ತೋರಿಸಿದೆ. ನಾಲ್ಕು ನಿಂಬೆಹಣ್ಣು ಉಜ್ಜಿದ್ದರೂ ವಾಸನೆ ಹೋಗಿರಲಿಲ್ಲ. ಚಿಕ್ಕಮ್ಮ ಬಾಳೆಯೆಲೆಯಲ್ಲಿ ಕಟ್ಟಿಕೊಟ್ಟ ಅನ್ನವನ್ನು ಬಿಚ್ಚಿ, ಅದೇ ಕೈಯಿಂದ ಒಂದು ಉಂಡೆ ಮಾಡಿ ಬಾಯಿಗಿಟ್ಟೆ. ಬರೀ ಅನ್ನ. ನಂಚಿಕೊಳ್ಳಲು ಏನೂ ಬೇಕಾಗಲಿಲ್ಲ.