ಒಂದೇ ಕಾರ್ಡು, ಮೂರು ವಿಳಾಸ

ಪ್ರಾಣಿಗಳ ಆಸ್ಪತ್ರೆಯ ಹಳೆಯ ಕಂಪ್ಯೂಟರ್ ಕೈಕೊಟ್ಟಿತ್ತು. ಹೊಸದನ್ನು ತಂದಿಟ್ಟರೆ ಎಕ್ಸ್-ರೇ ಯಂತ್ರ ಅದನ್ನು ಮೂಸಿಯೂ ನೋಡಲಿಲ್ಲ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಕಾರ್ಖಾನೆಯಲ್ಲೇ ಒಂದು ಹಾರ್ಡ್‌ವೇರ್ ವಿಳಾಸ ಕೊಟ್ಟಿರುತ್ತಾರೆ. ಆ ಯಂತ್ರಕ್ಕೆ ಹಳೆಯ ಕಾರ್ಡಿನ ವಿಳಾಸವೊಂದೇ ಗೊತ್ತು. ಹೊಸ ಕಾರ್ಡಿಗೇ ಹಳೆಯ ವಿಳಾಸ ಕೊಡೋಣವೆಂದರೆ, ರಕ್ತ ಪರೀಕ್ಷೆಯ ಯಂತ್ರ ಆಗಲೇ ಹೊಸ ವಿಳಾಸಕ್ಕೆ ಒಗ್ಗಿಕೊಂಡಿತ್ತು.

ಡಾಕ್ಟರು ತನ್ನ ಅತ್ತಿಗೆಯನ್ನು ಕರೆಸಿದಳು. ಅತ್ತಿಗೆಯದು ನೆಟ್‌ವರ್ಕ್ ಕೆಲಸ. ಅವಳು ಹೊಸ ಕಾರ್ಡಿನ ಮೇಲೆ, ಬರೀ ತಂತ್ರಾಂಶದಲ್ಲಿ ಇರುವಂಥ ಇನ್ನೊಂದು ಕಾರ್ಡನ್ನು ಹುಟ್ಟಿಸಿ, ಅದಕ್ಕೆ ಹಳೆಯ ವಿಳಾಸ ಕೊಟ್ಟಳು. ಅದೇ ಕಂಪ್ಯೂಟರಿನಲ್ಲಿದ್ದ ಎಕ್ಸ್-ರೇ ಚಿತ್ರಗಳ ಸಂಗ್ರಹವನ್ನು ಅದರ ಹಿಂದೆ ಕೂರಿಸಿದಳು.

"ತಾಯಿ ಒಬ್ಬಳೇ, ಮಗಳಿಗೆ ಬೇರೆ ಮನೆ ನಂಬರು ಅಷ್ಟೆ," ಎಂದಳು.

ಮುಂದಿನ ಕೌಂಟರಿನಿಂದ ನೋಡಿದಳು, ಚಿತ್ರ ಬಂತು. ಔಷಧದ ಕೋಣೆಯಿಂದ ನೋಡಿದಳು, ಬಂತು. ತನ್ನ ಲ್ಯಾಪ್‌ಟಾಪಿನಲ್ಲೂ ಬಂತು. ಹೊರಡಲೆಂದು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಎದುರು ಅಂಗಡಿಯ ದರ್ಜಿ ತನ್ನ ನಾಯಿಯನ್ನು ಎತ್ತಿಕೊಂಡು ಓಡಿಬಂದ.

"ಡಾಕ್ಟ್ರೇ, ಡುಮ್ಮ ಸೂಜಿ ನುಂಗ್ಬಿಟ್ಟ! ದಾರದ ಸಮೇತ!"

"ನನ್ನ ಕೋಟು ಹೊಲಿದು ಕೊಡೋಕೆ ಪುರುಸೊತ್ತಿಲ್ಲ, ನಾಯಿಗೆ ಸೂಜಿ ತಿನ್ಸೋಕೆ ಪುರುಸೊತ್ತಿದ್ಯಾ?" ಎನ್ನುತ್ತಲೇ ಡಾಕ್ಟರು ಡುಮ್ಮನನ್ನು ಒಳಗೊಯ್ದಳು.

ಕೌಂಟರಿನಲ್ಲಿ ನೋಡಿದ ಮೊದಲ ಎಕ್ಸ್-ರೇಯಲ್ಲಿ ಸೂಜಿ ಇನ್ನೂ ಹೊಟ್ಟೆಯಲ್ಲೇ ಇತ್ತು. ಬಾಯಿಯಿಂದ ಕೊಳವೆ ಇಳಿಸಿ, ಚಿಮಟದಲ್ಲಿ ಹಿಡಿದು ಎಳೆಯಬಹುದು. ಕರುಳಿಗೆ ಜಾರಿದರೆ ಹೊಟ್ಟೆ ಕೊಯ್ಯಲೇಬೇಕು. ಎಳೆಯುವಾಗ ಹೆಜ್ಜೆಹೆಜ್ಜೆಗೂ ಹೊಸ ಎಕ್ಸ್-ರೇ ಚಿತ್ರ ಕಣ್ಣೆದುರು ಬೇಕು. ಅದಕ್ಕೆಂದೇ ಹೊಸ ಕಂಪ್ಯೂಟರಿನ ಪರದೆಯನ್ನು ಶಸ್ತ್ರಚಿಕಿತ್ಸೆಯ ಮೇಜಿನೆದುರು ಗೋಡೆಗೆ ಬಿಗಿದಿದ್ದರು.

ಆ ಪರದೆ ಮಾತ್ರ ಖಾಲಿ.

"ಅತ್ತಿಗೇ!"

ಅತ್ತಿಗೆ ಓಡಿಬಂದಳು. ಹೊರಗಿನಿಂದ ದರ್ಜಿಯ ದನಿ ಕೇಳಿತು: "ಇಲ್ಲಿ ಕೌಂಟರಲ್ಲಿ ಚೆನ್ನಾಗಿ ಕಾಣ್ತಿದೆಯಲ್ಲ! ಪಕ್ಕೆಲುಬೆಲ್ಲ ಎಣಿಸಬಹುದು!"

"ಗ್ಲೌಸ್ ಹಾಕ್ಕೊಂಡು, ಕೊಳವೆ ಹಿಡ್ಕೊಂಡು, ಕೌಂಟರಿಗೆ ಓಡ್ಲಾ ನಾನು?" ಎಂದಳು ಡಾಕ್ಟರು. ಅರಿವಳಿಕೆಯ ಮತ್ತೇರಿ ಮಲಗಿದ್ದ ಡುಮ್ಮ ಗೊರಕೆ ಹೊಡೆಯುತ್ತಿದ್ದ.

ಅತ್ತಿಗೆ ಹಣೆ ಚಚ್ಚಿಕೊಂಡಳು. ಊರಿನವರೆಲ್ಲರ ಬಾಗಿಲು ತಟ್ಟಿ ನೋಡಿದ್ದಳು, ಸ್ವಂತ ಮನೆಯೊಳಗಿಂದ ಮಾತ್ರ ನೋಡಿರಲಿಲ್ಲ. ಹೀಗೆ ಹುಟ್ಟಿಸಿದ ಕಾರ್ಡು ಬೀದಿಯಲ್ಲಿ ಎಲ್ಲರೊಂದಿಗೂ ಮಾತಾಡುತ್ತದೆ, ತನ್ನನ್ನು ಹೊತ್ತ ಕಾರ್ಡಿನೊಂದಿಗೆ ಮಾತ್ರ ಇಲ್ಲ. ಇದು ಅವಳಿಗೆ ಗೊತ್ತಿದ್ದ ಸಂಗತಿಯೇ.

"ತಾಯಿ ಮಗಳು ಮಾತು ಬಿಟ್ಟಿದಾರೆ ಕಣೇ."

"ಯಾವಾಗ ಜಗಳ ಆಡಿದ್ರು?"

"ಜಗಳ ಏನಿಲ್ಲ, ಹುಟ್ಟುಗುಣ. ನಿಮ್ಮಣ್ಣನೂ ನಿಮ್ಮಮ್ಮನೂ ಮುನಿಸಿಕೊಂಡಾಗ ಊಟಕ್ಕೆ ಕರೆಯೋಳು ಯಾರು?"

"ನಾನೇ. ಇನ್ಯಾರು?"

"ಹಾಗೇ ಇಲ್ಲೂ ಇನ್ನೊಬ್ಬ ಮಗಳು ಬೇಕು. ಅಕ್ಕತಂಗಿ ಮಾತಾಡ್ಕೋತಾರೆ."

"ಬೇಗ ಹೆರು ಮಾರಾಯ್ತಿ! ಡುಮ್ಮನ ಮತ್ತು ಇಳಿಯೋದ್ರೊಳಗೆ ಮುಗಿಸ್ಬೇಕು!"

ಅತ್ತಿಗೆ ಅದೇ ಕಾರ್ಡಿನ ಮೇಲೆ ಎರಡನೆಯ ಮಗಳನ್ನು ಸೃಷ್ಟಿಸಿದಳು. ಹಾರ್ಡ್‌ವೇರ್ ವಿಳಾಸ ಬೇರೆಯೇ ಇದೆಯೆಂದು ಓದಿ ಖಾತ್ರಿ ಮಾಡಿಕೊಂಡಳು. ಇಬ್ಬರಿಗೂ ಒಂದೇ ವಿಳಾಸವಾದರೆ ಒಬ್ಬಳಿಗೆ ಬಂದದ್ದನ್ನು ಇನ್ನೊಬ್ಬಳು ಕಸಿದುಕೊಳ್ಳುತ್ತಾಳೆ. ಇವಳನ್ನು ಕಂಪ್ಯೂಟರಿನ ಕಡೆಗೇ ಇಟ್ಟುಕೊಂಡು, ಚಿತ್ರದ ಸಂಗ್ರಹಕ್ಕೆ ಹೋಗುವುದೆಲ್ಲ ಇವಳ ಮೂಲಕವೇ ಹೋಗಲೆಂದು ದಾರಿ ಬರೆದಳು.

ಗೋಡೆಯ ಪರದೆ ಬೆಳಗಿತು. ಡುಮ್ಮನ ಹೊಟ್ಟೆ, ಅದರಲ್ಲಿ ಓರೆಯಾಗಿ ಬಿದ್ದ ಬಿಳಿ ಗೆರೆ.

"ಬಂತು," ಎಂದಳು ಡಾಕ್ಟರು. ಕೊಳವೆಯೊಳಗೆ ಚಿಮಟ ಇಳಿಸಿ ಸೂಜಿ ಹಿಡಿದಳು. ಒಂದೊಂದು ಚಿತ್ರಕ್ಕೂ ಗೆರೆ ಮೇಲೆ ಸರಿಯಿತು, ಗಂಟಲ ಬಳಿ ಒಮ್ಮೆ ನಿಂತಿತು, ತಿರುಗಿತು, ಹೊರಬಂತು. ಹಿಂದೆಯೇ ಬಾಲದಂತೆ ಹಸಿರು ದಾರ.

ಬಾಗಿಲಲ್ಲಿ ಇಣುಕಿದ ದರ್ಜಿ ದಾರ ನೋಡಿ ನಾಲಿಗೆ ಕಚ್ಚಿಕೊಂಡ.

"ಡಾಕ್ಟ್ರೇ, ಇದು ನಿಮ್ಮ ಕೋಟಿಂದೇ. ಜೇಬಿಗೆ ನಿಮ್ಮ ಹೆಸರು ಹಾಕ್ತಾ ಇದ್ದೆ."

"ಎಷ್ಟು ಅಕ್ಷರ ಆಗಿತ್ತು?"

"ಒಂದೇ."

ಡಾಕ್ಟರು ನಕ್ಕು ಗ್ಲೌಸ್ ಕಳಚಿದಳು. ಅತ್ತಿಗೆ ನಗುತ್ತಲೇ, ಮಾಡಿದ್ದೆಲ್ಲ ಉಳಿಯುತ್ತದೋ ಎಂದು ನೋಡಲು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಳು. ಈ ಸಲ ಎಲ್ಲಕ್ಕಿಂತ ಮೊದಲು ಗೋಡೆಯ ಪರದೆಯನ್ನೇ ನೋಡಿದಳು. ಇಬ್ಬರು ಮಕ್ಕಳೂ ಎದ್ದಿದ್ದರು. ಆಮೇಲೆ ಡುಮ್ಮನೂ ಎದ್ದ.